ತಿದ್ದಿಸಿಕೊಳ್ಳುವ ಹಕ್ಕು: ರಾಯಚೂರು ಸೀಮೆಯ ಸಂಗೀತ ಹಾಗೂ ಚಿತ್ರಕಲಾ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ದೇವಸುಗೂರು

ರಾಯಚೂರು, ದೇವದುರ್ಗ, ಮಾನ್ವಿ ತಾಲ್ಲೂಕುಗಳ ಶಾಲೆ, ವಸತಿನಿಲಯ, ಬಾಲಮಂದಿರ ಹಾಗೂ ಮನೆಪಾಠಗಳಲ್ಲಿ ಸಂಗೀತವನ್ನೂ ಚಿತ್ರಕಲೆಯನ್ನೂ ಕಲಿಸುತ್ತಿರುವ ಗುರುಗಳಿಗೆ,

ಮಾನ್ಯರೆ,

ಕೃಷ್ಣೆಯ ದಂಡೆಯ ಮೇಲೆ, ಸೂಗೂರೇಶ್ವರನ ಗುಡಿಯ ಶಿಖರವೂ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳೂ ಒಂದೇ ಆಕಾಶವನ್ನು ಹಂಚಿಕೊಂಡಿರುವ ಈ ಊರಿನಿಂದ ತಮಗೆ ಈ ಪತ್ರವನ್ನು ಬರೆಯುತ್ತಿರುವುದು ಒಂದೇ ಒಂದು ಬಿನ್ನಹವನ್ನು ತಮ್ಮ ಮುಂದಿಡುವುದಕ್ಕಾಗಿ. ಕಣ್ಣು ಕಾಣದ, ಕಿವಿ ಕೇಳದ, ಕೈಕಾಲುಗಳು ಸ್ವಾಧೀನದಲ್ಲಿರದ, ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗೂ, ಬಡತನ, ಗುಳೆ, ಅನಾಥತೆ, ಎಳೆಯ ವಯಸ್ಸಿನ ದುಡಿಮೆ ಇವುಗಳಿಂದ ಶಾಲೆಯ ಹೊಸ್ತಿಲಿನಾಚೆಗೆ ತಳ್ಳಲ್ಪಡುತ್ತಿರುವ ಕಿಶೋರರಿಗೂ ತಾವು ಕಲೆಯನ್ನು ಕಲಿಸುವ ಸಂದರ್ಭ ಬಂದಾಗ, ಅದನ್ನು ವಿನೋದವೆಂದಾಗಲಿ ಸಾಂತ್ವನವೆಂದಾಗಲಿ ಭಾವಿಸದೆ, ಮಿಕ್ಕ ಶಿಷ್ಯರಿಗೆ ಯಾವ ಶ್ರದ್ಧೆಯಿಂದ, ಯಾವ ನಿಷ್ಠುರತೆಯಿಂದ ಕಲಿಸುವಿರೋ ಅದೇ ಶ್ರದ್ಧಾನಿಷ್ಠುರತೆಗಳಿಂದ ಪೂರ್ಣವಿದ್ಯೆಯಾಗಿಯೇ ಕಲಿಸಬೇಕೆಂಬುದು ಆ ಬಿನ್ನಹ.

ಇಂತಹ ಮಕ್ಕಳ ವಿಷಯದಲ್ಲಿ ನಮ್ಮ ಸಮಾಜಕ್ಕೆ ಕರುಣೆಯಿಲ್ಲವೆಂದು ನಾನು ಹೇಳಲಾರೆ, ಕರುಣೆ ಧಾರಾಳವಾಗಿದೆ. ವಾರ್ಷಿಕೋತ್ಸವದ ಸಂಜೆ ದೃಷ್ಟಿಹೀನ ಬಾಲಕನೊಬ್ಬನನ್ನು ಕೈಹಿಡಿದು ವೇದಿಕೆಗೆ ತಂದು, ಅವನಿಗೆ ಬರುವ ಒಂದೇ ಭಕ್ತಿಗೀತೆಯನ್ನು ಹಾಡಿಸಿ, ಸಭಿಕರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದ ಮೇಲೆ ಶಾಲು ಹೊದಿಸಿ ಕಳುಹಿಸುವುದು ನಮ್ಮಲ್ಲಿ ಸಾಮಾನ್ಯವಾದ ಪದ್ಧತಿ. ಮರುವರ್ಷವೂ ಆ ಬಾಲಕ ಅದೇ ಗೀತೆಯನ್ನು, ಅದೇ ಸ್ಥಳದಲ್ಲಿ ಶ್ರುತಿ ತಪ್ಪುತ್ತಲೇ ಹಾಡುವನು. ತಿದ್ದಿದರೆ ಮನಸ್ಸು ನೊಂದೀತೆಂಬ ಭಾವನೆಯಿಂದ ಯಾರೂ ತಿದ್ದುವುದಿಲ್ಲ. ಹಾಗೆಯೇ ಬುದ್ಧಿಮಾಂದ್ಯವುಳ್ಳ ಹುಡುಗಿ ಗೀಚಿದ ಕಾಗದವನ್ನು ನೋಡದೆಯೇ "ಬಹಳ ಚೆಂದ" ಎಂದು ಗೋಡೆಗೆ ಅಂಟಿಸುತ್ತೇವೆ. ಈ ಹೊಗಳಿಕೆಯಲ್ಲಿ ಅಡಗಿರುವ ಅರ್ಥವನ್ನು ಆ ಮಕ್ಕಳು ಬೇಗನೆ ಗ್ರಹಿಸಿಕೊಳ್ಳುತ್ತಾರೆ: ತಮ್ಮಿಂದ ಇದಕ್ಕಿಂತ ಹೆಚ್ಚಿನದನ್ನು ಯಾರೂ ನಿರೀಕ್ಷಿಸುತ್ತಿಲ್ಲ. ಗುರುವಿನಿಂದ ತಿದ್ದಿಸಿಕೊಳ್ಳುವುದು ವಿದ್ಯಾರ್ಥಿಯ ಪ್ರಥಮ ಹಕ್ಕು; ದಯೆಯ ಹೆಸರಿನಲ್ಲಿ ನಾವು ಅಪಹರಿಸುತ್ತಿರುವುದು ಅದನ್ನೇ.

ಈ ಮಾತಿಗೆ ಪ್ರಮಾಣವನ್ನು ದೂರದೇಶಗಳಲ್ಲಿ ಅರಸಬೇಕಾದ ಅವಶ್ಯಕತೆಯಿಲ್ಲ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಅಂಧ ಬಾಲಕನೂ, ಅವನಂತೆಯೇ ಕಣ್ಣಿಲ್ಲದ ಅವನ ಅಣ್ಣನೂ ಹಾಡಿಕೊಂಡಿದ್ದುದನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಕೇಳಿ ಮೆಚ್ಚಿದರು. 1909ರಲ್ಲಿ ಬಾದಾಮಿಯ ಬಳಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಆ ಮಹನೀಯರು ಮನಸ್ಸು ಮಾಡಿದ್ದರೆ ಆಶೀರ್ವಾದವನ್ನೂ ಒಂದಿಷ್ಟು ದಕ್ಷಿಣೆಯನ್ನೂ ಕೊಟ್ಟು ಮುಂದೆ ನಡೆಯಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಬಾಲಕನ ಕಂಠದಲ್ಲಿ ವಿದ್ಯೆಗೆ ಯೋಗ್ಯವಾದ ನೆಲೆಯಿದೆಯೆಂದು ನಿರ್ಣಯಿಸಿ, ಕರ್ನಾಟಕ ಸಂಗೀತದ ಅಭ್ಯಾಸಕ್ಕಾಗಿ ಮೈಸೂರಿನವರೆಗೂ ಕಳುಹಿಸಿದರು. ತರುವಾಯ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯ ಶಿಕ್ಷಣವೂ ದೊರೆಯಿತು. ಎರಡು ಪದ್ಧತಿಗಳನ್ನೂ ವರ್ಷಾನುಗಟ್ಟಲೆ ಸಾಧಿಸಿದ ಮೇಲೆಯೇ ಗದಿಗೆಯ್ಯ ಗಾನಯೋಗಿ ಪಂಚಾಕ್ಷರ ಗವಾಯಿಗಳಾದುದು.

ಪಂಚಾಕ್ಷರ ಗವಾಯಿಗಳು ತಾವು ಪಡೆದುದನ್ನು ತಮ್ಮಲ್ಲಿಯೇ ಇರಿಸಿಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ನಿರ್ಗತಿಕರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುವ ಸಂಗೀತ ಪಾಠಶಾಲೆಯನ್ನು ನಡೆಸಿದರು. ಕಡೆಗೆ ಅದು ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಿನಿಂದ ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಆ ಭಾರವನ್ನು ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಇವರು ಹಾರ್ಮೋನಿಯಂ, ಪಿಟೀಲು, ತಬಲಾ ಮೊದಲಾದ ಅನೇಕ ವಾದ್ಯಗಳನ್ನು ನುಡಿಸಬಲ್ಲವರಾಗಿ, ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿಯೂ ಗ್ರಂಥರಚನೆ ಮಾಡಿ, ಆಶ್ರಮದ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನು ನಡೆಸಿ, ಭಕ್ತರು ಮಾಡಿದ ತುಲಾಭಾರಗಳ ಕಾಣಿಕೆಯನ್ನೂ ಆಶ್ರಮಕ್ಕೇ ಸಲ್ಲಿಸಿ, 2010ರ ಸೆಪ್ಟೆಂಬರಿನಲ್ಲಿ ದೇಹವನ್ನು ಬಿಡುವವರೆಗೂ ಪಾಠ ಹೇಳಿದರು. ಅದೇ ವರ್ಷ ಭಾರತ ಸರ್ಕಾರ ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತ್ತು.

ಈ ಇತಿಹಾಸ ತಮಗೆ ತಿಳಿಯದುದಲ್ಲ. ಆದರೆ ಅದನ್ನು ನಾವು ಮಹಾತ್ಮರ ಪವಾಡವೆಂದು ಕೈಮುಗಿದು ಬಿಟ್ಟುಬಿಡುತ್ತೇವೆ. ಅದರೊಳಗಿರುವ ಶಿಕ್ಷಣಕ್ರಮವನ್ನು ಪರೀಕ್ಷಿಸುವುದಿಲ್ಲ. ಪರೀಕ್ಷಿಸಿದರೆ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲನೆಯದು, ಅಲ್ಲಿ ಅಂಧರಿಗೆಂದು ಸಂಕ್ಷೇಪಿಸಿದ ಪಾಠ ಇರಲಿಲ್ಲ. ಅದೇ ಸ್ವರಸಾಧನೆ, ಅದೇ ರಾಗ, ಅದೇ ತಾಳ, ಅದೇ ಬೆಳಗಿನ ಜಾವದ ಅಭ್ಯಾಸ. ಎರಡನೆಯದು, ಅಂಧರೂ ದೃಷ್ಟಿಯುಳ್ಳವರೂ ಒಂದೇ ಚಾಪೆಯ ಮೇಲೆ ಕುಳಿತು ಕಲಿತರು. ಪಂಚಾಕ್ಷರ ಗವಾಯಿಗಳ ಬಳಿ ಕಲಿತ ಬಸವರಾಜ ರಾಜಗುರು ಅವರು ಕಣ್ಣುಳ್ಳವರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಿಂದ ಬಾಲ್ಯದಲ್ಲಿ ಬಂದು ಪುಟ್ಟರಾಜ ಗವಾಯಿಗಳ ಬಳಿ ಹನ್ನೆರಡು ವರ್ಷ ಕಲಿತ ವೆಂಕಟೇಶ್ ಕುಮಾರ್ ಅವರೂ ಕಣ್ಣುಳ್ಳವರು. ದೃಷ್ಟಿಯಿಲ್ಲದ ಗುರುಗಳಿಂದ ದೃಷ್ಟಿಯುಳ್ಳವರು ವಿದ್ಯೆಯನ್ನು ಬೇಡಿ ಪಡೆದ ಆ ಸ್ಥಳದಲ್ಲಿ ಕೊಡುವವರಾರು, ಪಡೆಯುವವರಾರು ಎಂಬ ಲೌಕಿಕದ ಲೆಕ್ಕವೇ ತಲೆಕೆಳಗಾಯಿತು. ಮೂರನೆಯದು, ವಿದ್ಯೆಯ ಜೊತೆಗೆ ಅನ್ನವಿತ್ತು, ವಿದ್ಯೆಯ ಕೊನೆಗೆ ವೃತ್ತಿಯಿತ್ತು. ಆಶ್ರಮದಿಂದ ಹೊರಬಂದವರೆಲ್ಲರೂ ದೊಡ್ಡ ಕಛೇರಿಗಳ ಗಾಯಕರಾಗಲಿಲ್ಲ. ಶ್ರಾವಣಮಾಸದಲ್ಲಿ ನಮ್ಮ ಹಳ್ಳಿಗಳ ಮಠಗಳಲ್ಲಿ ನಡೆಯುವ ಪುರಾಣ ಪ್ರವಚನಕ್ಕೆ ಗವಾಯಿಗಳಾಗಿ, ತಬಲಾ ಸಾಥಿಗಳಾಗಿ, ಕೀರ್ತನಕಾರರಾಗಿ, ಶಾಲೆಗಳ ಸಂಗೀತ ಶಿಕ್ಷಕರಾಗಿ ಗೌರವದಿಂದ ಬದುಕಿದವರೇ ಹೆಚ್ಚು. ಭಿಕ್ಷಾಪಾತ್ರೆ ಹಿಡಿಯಬೇಕಾಗಿದ್ದ ಕೈ ಸಂಭಾವನೆ ಪಡೆಯುವ ಕೈಯಾಯಿತೆಂಬುದು ಪದ್ಮಭೂಷಣಕ್ಕಿಂತ ಕಡಿಮೆಯಾದ ಸಾಧನೆಯಲ್ಲ.

ಗದುಗು ನಮಗೆ ಪರಸ್ಥಳವೂ ಅಲ್ಲ. ರಾಯಚೂರಿನ ರಂಗಮಂದಿರ ಯಾರ ಹೆಸರನ್ನು ಹೊತ್ತಿದೆಯೋ ಆ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರು ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿ ಪಂಚಾಕ್ಷರ ಗವಾಯಿಗಳ ಶಿಷ್ಯಮಂಡಲಿಗೆ ಸೇರಿದವರು. ಅದಕ್ಕೂ ಹಿಂದೆ, ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು ಇವರೆಲ್ಲರೂ ಹಾಡನ್ನೇ ಶಾಸ್ತ್ರವನ್ನಾಗಿ ಮಾಡಿಕೊಂಡು, ಓದು ಬಾರದವರ ಕಿವಿಗೂ ತತ್ತ್ವವನ್ನು ಮುಟ್ಟಿಸಿದವರು. ಭಜನೆಯ ಮೇಳ, ತತ್ತ್ವಪದದ ಏಕತಾರಿ, ಮೊಹರಮ್ಮಿನ ಹಲಗೆಯ ಪೆಟ್ಟಿಗೆ ಅಲಾಯಿ ಕುಣಿಯ ಸುತ್ತ ಜಾತಿಮತಗಳ ಭೇದವಿಲ್ಲದೆ ಇಡುವ ಹೆಜ್ಜೆ ಇವು ನಮ್ಮ ಸೀಮೆಯಲ್ಲಿ ಪುಸ್ತಕದಿಂದ ಕಲಿತ ವಿದ್ಯೆಗಳಲ್ಲ. ಬಾಯಿಂದ ಕಿವಿಗೆ, ಕೈಯಿಂದ ಕೈಗೆ, ಮೈಯಿಂದ ಮೈಗೆ ದಾಟಿಬಂದ ಈ ಪರಂಪರೆಯಲ್ಲಿ ಅಕ್ಷರ ಕಾಣದವನಿಗೂ ಅಕ್ಷರ ಬಾರದವನಿಗೂ ಮೊದಲಿನಿಂದಲೂ ಸ್ಥಾನವಿತ್ತು. ಅದನ್ನು ಶಾಲೆಯ ಕೊಠಡಿಯೊಳಕ್ಕೆ ತರುವುದಷ್ಟೇ ನಮಗೆ ಉಳಿದಿರುವ ಕೆಲಸ.

ಇನ್ನು ಕಲಿಸುವ ಕ್ರಮದ ವಿಚಾರ. ತಾವು ಬಲ್ಲವರು, ಆದರೂ ವಿಶೇಷ ತರಬೇತಿಯಿಲ್ಲದೆ ಇದು ಅಸಾಧ್ಯವೆಂಬ ಅಂಜಿಕೆ ಅನೇಕರಲ್ಲಿರುವುದರಿಂದ ಕೆಲವು ಮಾತುಗಳನ್ನು ವಿಸ್ತರಿಸಿ ಹೇಳುತ್ತೇನೆ. ದೃಷ್ಟಿಹೀನ ಮಗುವಿಗೆ ಹಾರ್ಮೋನಿಯಂ ಕಲಿಸುವಾಗ, ಕರಿಯ ಮನೆಗಳು ಎರಡು, ಮೂರು, ಎರಡು, ಮೂರು ಎಂಬ ಗುಂಪುಗಳಲ್ಲಿ ಜೋಡಣೆಯಾಗಿರುವುದನ್ನು ಅದರ ಬೆರಳಿಗೆ ಪರಿಚಯ ಮಾಡಿಸಿದರೆ ಸಾಕು. ಸಪ್ತಕದಲ್ಲಿ ತಾನೆಲ್ಲಿರುವೆನೆಂಬುದನ್ನು ಬೆರಳು ತಾನೇ ಹೇಳಿಕೊಳ್ಳುತ್ತದೆ. ತಬಲಾದ ಚರ್ಮದ ಅಂಚೂ ನಡುವಣ ಕರಣೆಯೂ ಸ್ಪರ್ಶಕ್ಕೆ ಬೇರೆ ಬೇರೆಯಾಗಿಯೇ ತೋರುತ್ತವೆ. ಕೈಯಿಡುವ ಭಂಗಿಯನ್ನು ಬಾಯಿಮಾತಿನಲ್ಲಿ ವರ್ಣಿಸುವುದಕ್ಕಿಂತ, ಮಗುವಿನ ಅನುಮತಿ ಪಡೆದು, ಅದರ ಕೈಯನ್ನು ತಮ್ಮ ಕೈಯ ಮೇಲಿರಿಸಿಕೊಂಡು ನುಡಿಸಿ ತೋರಿಸುವುದು ಲೇಸು. ಬರೆದಿಡಬೇಕೆಂದರೆ ಬ್ರೈಲ್ ಲಿಪಿಯಿದೆ. ಅದನ್ನು ನಿರ್ಮಿಸಿದ ಲೂಯಿ ಬ್ರೈಲ್ ಸ್ವತಃ ಅಂಧರು, ಆರ್ಗನ್ ವಾದಕರು, 1829ರಲ್ಲಿ ತಮ್ಮ ಲಿಪಿಯನ್ನು ಪ್ರಕಟಿಸಿದಾಗಲೇ ಅಕ್ಷರಗಳ ಜೊತೆಗೆ ಸಂಗೀತವನ್ನು ಬರೆಯುವ ಕ್ರಮವನ್ನೂ ಸೇರಿಸಿದ್ದರು.

ಆದರೆ ಕಣ್ಣಿಲ್ಲದವರೆಲ್ಲರೂ ಹುಟ್ಟು ಸಂಗೀತಗಾರರೆಂಬ ಭ್ರಾಂತಿಯನ್ನು ದಯಮಾಡಿ ತೊರೆಯಬೇಕು. ಕಣ್ಣಿಲ್ಲದ ಹುಡುಗಿಗೆ ಹಾಡಿನಲ್ಲಿ ಆಸಕ್ತಿಯಿಲ್ಲದೆ ರೂಪನಿರ್ಮಾಣದಲ್ಲಿ ಆಸಕ್ತಿಯಿರಬಹುದು. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರು ದೃಷ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡ ಮೇಲೆಯೂ ಬಣ್ಣದ ಕಾಗದಗಳನ್ನು ಕತ್ತರಿಸಿ ಜೋಡಿಸಿ, ಮಣ್ಣಿನ ಬಿಲ್ಲೆಗಳಿಂದ ಭಿತ್ತಿಯನ್ನು ರಚಿಸಿ, ಶಿಷ್ಯರಿಗೆ ಪಾಠ ಹೇಳುತ್ತಲೇ ಇದ್ದರು. ಅವರ ಶಿಷ್ಯರಾದ ಸತ್ಯಜಿತ್ ರಾಯ್ 1972ರಲ್ಲಿ ಅವರನ್ನು ಕುರಿತು ಚಲನಚಿತ್ರವನ್ನೇ ತೆಗೆದರು. ನಮ್ಮ ಮಕ್ಕಳಿಗೆ ಇದಕ್ಕಾಗಿ ದುಬಾರಿಯಾದ ಸಲಕರಣೆಗಳು ಬೇಡ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮನೆಮನೆಯಲ್ಲಿ ಎತ್ತುಗಳನ್ನು ಮಾಡುವ ಅದೇ ಜೇಡಿಮಣ್ಣು ಸಾಕು. ರಟ್ಟಿನ ಮೇಲೆ ಗೋಂದಿನಿಂದ ದಾರವನ್ನು ಅಂಟಿಸಿ ಒಣಗಿಸಿದರೆ ಬೆರಳಿಗೆ ನಿಲುಕುವ ರೇಖೆ ಸಿದ್ಧ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ನಮ್ಮ ಅಜ್ಜಿಯರು ಹೊಲಿಯುತ್ತಿದ್ದ ಕೌದಿಯಲ್ಲಿ ವಿನ್ಯಾಸದ ಪಾಠಗಳೆಲ್ಲವೂ ಅಡಗಿವೆ. ಬೆರಳುಗಳ ಹಿಡಿತ ಸಡಿಲವಾಗಿರುವ ಮಗುವಿಗೆ ಕುಂಚದ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿರಿ. ಕಾಗದ ಸರಿಯದಂತೆ ಅಂಚುಗಳನ್ನು ಹಲಗೆಗೆ ಅಂಟಿಸಿರಿ. ರೇಖೆಯನ್ನು ಮಾತ್ರ ಅದೇ ಎಳೆಯಲಿ, ಅದರ ಕೈಹಿಡಿದು ತಾವು ಎಳೆದ ಚಿತ್ರ ತಮ್ಮದಾಗುವುದೇ ಹೊರತು ಅದರದಾಗದು.

ಶ್ರವಣಶಕ್ತಿಯಿಲ್ಲದ ಮಗುವಿಗೆ ಸಂಗೀತದ ಬಾಗಿಲು ಮುಚ್ಚಿದೆಯೆಂದು ಬಹುಮಂದಿ ನಿಶ್ಚಯಿಸಿಬಿಟ್ಟಿರುತ್ತಾರೆ. ಹನ್ನೆರಡರ ವಯಸ್ಸಿಗೆಲ್ಲ ಬಹುಮಟ್ಟಿಗೆ ಕಿವಿ ಕೇಳದಂತಾದ ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿ ಅವರು ಬರಿಗಾಲಿನಲ್ಲಿ ನಿಂತು, ನೆಲದ ಹಾಗೂ ವಾದ್ಯದ ಕಂಪನವನ್ನು ಮೈಯಿಂದಲೇ ಗ್ರಹಿಸುತ್ತ ಜಗತ್ತಿನ ಶ್ರೇಷ್ಠ ತಾಳವಾದ್ಯಗಾರರಲ್ಲೊಬ್ಬರಾದರು. ಡೊಳ್ಳಿನ ಪೆಟ್ಟನ್ನು ಎದೆಯಲ್ಲಿಯೂ ಹಲಗೆಯ ಪೆಟ್ಟನ್ನು ಅಂಗಾಲಿನಲ್ಲಿಯೂ ಅನುಭವಿಸದವರು ನಮ್ಮ ಹಳ್ಳಿಗಳಲ್ಲಿ ಯಾರಿದ್ದಾರೆ? ಆ ಮಗುವಿನ ಅಂಗೈಯನ್ನು ಡೊಳ್ಳಿನ ಮೈಗೆ ತಾಗಿಸಿ, ಎಣಿಕೆಯನ್ನು ಕಣ್ಣಿಗೆ ಕಾಣುವಂತೆ ಕೈಯಲ್ಲಿ ತೋರಿಸಿದರೆ ಲಯದ ಅಭ್ಯಾಸ ಅಲ್ಲಿಂದಲೇ ಆರಂಭವಾಗುತ್ತದೆ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವವರಿಗೆ ತ್ರಿತಾಳದ ಹದಿನಾರು ಮಾತ್ರೆಗಳಿಂದ ತೊಡಗದೆ ದಾದರಾದ ಆರು ಮಾತ್ರೆಗಳಿಂದ ತೊಡಗಿ, ಅದನ್ನೇ ದಿನವೂ, ಅದೇ ಹೊತ್ತಿನಲ್ಲಿ, ಅದೇ ಸ್ಥಳದಲ್ಲಿ ಮಾಡಿಸಬೇಕು. ತಿಂಗಳುಗಳು ಕಳೆದಾವು, ಆದರೆ ಒಂದು ದಿನ ಸಮ್ಮಿಗೆ ಸರಿಯಾಗಿ ಕೈ ಬಿದ್ದಾಗ ಆ ಮಗುವಿನ ಮುಖವನ್ನು ನೋಡಿದ ಗುರು, ಇದು ಕೇವಲ ಕಾಲಕ್ಷೇಪವೆಂದು ಮತ್ತೆಂದೂ ಹೇಳಲಾರನು.

ಅಪಾಯದಂಚಿನಲ್ಲಿರುವ ಕಿಶೋರರ ಸಮಸ್ಯೆ ಬೇರೆ ಬಗೆಯದು. ಇವರಿಗೆ ಕಣ್ಣಿದೆ, ಕಿವಿಯಿದೆ, ಶಕ್ತಿಯಿದೆ. ಇಲ್ಲದಿರುವುದು ಸ್ಥಿರವಾದ ನೆಲೆ. ಸುಗ್ಗಿ ಮುಗಿದೊಡನೆ ತಂದೆತಾಯಿಗಳೊಡನೆ ಬೆಂಗಳೂರಿಗೋ ಮುಂಬಯಿಗೋ ಪುಣೆಗೋ ಗುಳೆ ಹೋಗುವ ಬಾಲಕ, ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಬಿಡುವ ಬಾಲಕಿ, ದೇವದಾಸಿಯೆಂಬ ಹೆಸರು ತಾಯಿಗೆ ಅಂಟಿದ ಕಾರಣದಿಂದ ಶಾಲೆಯಲ್ಲಿ ತಂದೆಯ ಹೆಸರನ್ನು ಕೇಳಿದಾಗಲೆಲ್ಲ ತಲೆ ತಗ್ಗಿಸುವ ಮಗು, ಬಾಲಮಂದಿರದ ಗೋಡೆಗಳೊಳಗೆ ತನ್ನ ಮುಂದಿನ ದಿನಗಳನ್ನು ಕಾಣಲಾರದ ಹುಡುಗ ಇವರಿಗೆ ಹಾಡು ಕಲಿಸಿದೊಡನೆ ಇವರ ಕಷ್ಟಗಳು ಕರಗುವುವೆಂದು ನಾನು ಹೇಳುವುದಿಲ್ಲ. ಕೂಲಿಗೆ ಪರ್ಯಾಯವಾಗಿ ರಾಗವನ್ನು ಕೊಡಲು ಯಾರಿಂದಲೂ ಆಗದು. ಉದ್ಯೋಗ, ನೀರಾವರಿ, ಪಡಿತರ, ವಸತಿನಿಲಯ ಇವುಗಳಿಗಾಗಿ ನಡೆಯಬೇಕಾದ ಹೋರಾಟ ಬೇರೆಯೇ ಇದೆ. ಆದರೂ ಕಲೆಗೆ ಇಲ್ಲಿ ಒಂದು ವಿಶಿಷ್ಟವಾದ ಕಾರ್ಯವಿದೆ. ಗಣಿತದಲ್ಲಿ ಮೂರು ತಿಂಗಳ ಪಾಠ ತಪ್ಪಿಸಿಕೊಂಡು ಹಿಂದಿರುಗಿದ ಬಾಲಕ ತರಗತಿಯಲ್ಲಿ ಕೊನೆಯವನಾಗುತ್ತಾನೆ. ಹಲಗೆ ಬಾರಿಸುವಲ್ಲಿ ಅವನೇ ಮೊದಲಿಗನಾಗಬಹುದು. ಆ ಒಂದು ಹೆಮ್ಮೆಗಾಗಿ ಶಾಲೆಗೆ ಬಂದವನು ಗಣಿತಕ್ಕೂ ಕುಳಿತಾನು.

ಇವರಿಗೂ ಬೇಕಾದುದು ಪೂರ್ಣವಿದ್ಯೆಯೇ. ವೆನಿಜುವೆಲಾ ದೇಶದಲ್ಲಿ 1975ರಲ್ಲಿ ಹೋಸೆ ಆಂಟೋನಿಯೋ ಅಬ್ರೆಯು ಆರಂಭಿಸಿದ ಸಂಗೀತಶಿಕ್ಷಣದ ಮಹಾಯೋಜನೆ ಬಡ ಬಡಾವಣೆಗಳ ಮಕ್ಕಳ ಕೈಗೆ ಪಿಟೀಲನ್ನಿತ್ತದ್ದು ಅವರನ್ನು ಬೀದಿಯಿಂದ ದೂರವಿಡುವುದಕ್ಕಷ್ಟೇ ಅಲ್ಲ; ದೊಡ್ಡ ವಾದ್ಯಗೋಷ್ಠಿಗಳ ಗುಣಮಟ್ಟಕ್ಕೆ ಅವರನ್ನು ಏರಿಸುವುದಕ್ಕೆ. ಅದೇ ಯೋಜನೆಯಲ್ಲಿ, ಕಿವಿ ಕೇಳದ ಮಕ್ಕಳು ಬಿಳಿಯ ಕೈಗವಸು ತೊಟ್ಟು, ಹಾಡುವವರ ಪಕ್ಕದಲ್ಲಿಯೇ ನಿಂತು, ಹಾಡನ್ನು ಹಸ್ತಗಳಿಂದ ಅಭಿನಯಿಸುವ ವೃಂದವೂ ಇದೆ. ಪಂಚಾಕ್ಷರ ಗವಾಯಿಗಳು ಎಷ್ಟೋ ಮುಂಚೆಯೇ ನಮ್ಮ ನಾಡಿನಲ್ಲಿ ಅನಾಥರನ್ನೂ ಅಂಧರನ್ನೂ ಒಟ್ಟಿಗೆ ಕೂಡಿಸಿದುದರ ಹಿಂದೆ ಇದ್ದ ವಿವೇಕವೇ ಭೂಮಿಯ ಇನ್ನೊಂದು ಮಗ್ಗುಲಲ್ಲಿಯೂ ಫಲಿಸಿತೆಂಬುದು ಗಮನಾರ್ಹ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿರುವ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 29ನೆಯ ಪ್ರಕರಣವು, ಕಲೆ ಹಾಗೂ ಸಂಸ್ಕೃತಿಯ ವಿಷಯಗಳ ಪಠ್ಯಕ್ರಮವನ್ನೇ ಅಂಗವಿಕಲರು ಪಾಲ್ಗೊಳ್ಳುವಂತೆ ಪುನಾರಚಿಸಬೇಕೆಂದೂ, ಅವರಲ್ಲಿನ ಕಲಾವಿದರಿಗೂ ಲೇಖಕರಿಗೂ ನೆರವು ಕೊಡಬೇಕೆಂದೂ ವಿಧಿಸುತ್ತದೆ. 2015ರ ಬಾಲನ್ಯಾಯ ಅಧಿನಿಯಮವು ಪಾಲನಾ ಸಂಸ್ಥೆಗಳಲ್ಲಿನ ಮಕ್ಕಳ ಪುನರ್ವಸತಿಯ ಸೇವೆಗಳಲ್ಲಿ ಸಾಂಸ್ಕೃತಿಕ ಚಟುವಟಿಕೆಗಳನ್ನೂ ಎಣಿಸಿದೆ. ಆದ್ದರಿಂದ ತಾವು ಈ ಮಕ್ಕಳಿಗೆ ಕಲಿಸುವ ಒಂದು ಗಂಟೆ ತಮ್ಮ ಔದಾರ್ಯದ ದಾನವಲ್ಲ, ಅವರಿಗೆ ಸಲ್ಲತಕ್ಕ ಬಾಕಿ.

ಈಗ ನನ್ನ ಬಿನ್ನಹಗಳನ್ನು ಬಿಡಿಸಿ ಹೇಳುತ್ತೇನೆ. ಸಂಗೀತ ಅಥವಾ ಚಿತ್ರಕಲೆಯ ಪಾಠವನ್ನು ವಿಕಲಾಂಗ ಮಕ್ಕಳಿಗೆಂದು ಪ್ರತ್ಯೇಕಿಸದೆ, ಈಗ ನಡೆಯುತ್ತಿರುವ ತರಗತಿಯಲ್ಲಿಯೇ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಳ್ಳಿರಿ. ಪ್ರತಿಯೊಬ್ಬರಿಗೂ ವರ್ಷದ ಪಾಠವನ್ನು ಮೊದಲೇ ಗೊತ್ತುಪಡಿಸಿ, ಕಲಿತುದನ್ನೂ ಕಲಿಯದುದನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ಗುಳೆ ಹೋಗಿ ಬಂದ ಮಗು ಆ ಪುಸ್ತಕದ ಬಲದಿಂದ ಬಿಟ್ಟಲ್ಲಿಂದ ಮುಂದುವರಿಯಲಿ. ಹಾಸಿಗೆ ಬಿಟ್ಟು ಏಳಲಾರದೆ ಗೃಹಾಧಾರಿತ ಶಿಕ್ಷಣವನ್ನು ಪಡೆಯುತ್ತಿರುವವರ ಮನೆಗೆ ಶಿಕ್ಷಕರು ಹೋಗುವಾಗ ಅವರ ಚೀಲದಲ್ಲಿ ಒಂದು ಮುಷ್ಟಿ ಜೇಡಿಮಣ್ಣು, ಒಂದು ಜೊತೆ ತಾಳ ಇರುವಂತೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರದವರೊಡನೆ ಮಾತನಾಡಿರಿ. ಪ್ರತಿಭಾ ಕಾರಂಜಿಯಂತಹ ಸ್ಪರ್ಧೆಗಳಿಗೆ ಈ ಮಕ್ಕಳನ್ನು ಕರೆದೊಯ್ಯುವಾಗ ಸಮಾಧಾನಕರ ಬಹುಮಾನವನ್ನು ಬೇಡದೆ, ಸ್ಪರ್ಧಿಸುವ ಅನುಕೂಲವನ್ನು ಮಾತ್ರ ಕೇಳಿರಿ. ಸಂಗೀತ ಪರೀಕ್ಷೆಗಳಿಗೆ ಕೂರಿಸಿ, ಅನುತ್ತೀರ್ಣರಾದರೆ ಮರಳಿ ಸಿದ್ಧಪಡಿಸಿರಿ.

ಮತ್ತೊಂದು ಮಾತು ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರಿಗೂ ಮಠಮಂದಿರಗಳ ಹಿರಿಯರಿಗೂ ಸಲ್ಲುತ್ತದೆ. ಪುರಾಣಕ್ಕೂ ಜಾತ್ರೆಗೂ ಉರುಸಿಗೂ ನಾಟಕಕ್ಕೂ ಹೊರಗಿನಿಂದ ಕಲಾವಿದರನ್ನು ಕರೆಸುವಾಗ, ನಮ್ಮ ಸೀಮೆಯಲ್ಲಿಯೇ ಕಲಿತ ದೃಷ್ಟಿಹೀನ ಗವಾಯಿಗೂ ಬಾಲಮಂದಿರದಿಂದ ಬಂದ ತಬಲಾ ವಾದಕನಿಗೂ ಅವಕಾಶ ಕೊಟ್ಟು, ಇತರರಿಗೆ ಕೊಡುವಷ್ಟೇ ಸಂಭಾವನೆಯನ್ನು ಕೊಡಿರಿ. ವಿದ್ಯೆ ಅನ್ನವಾಗದಿದ್ದರೆ ಗುರುವಿನ ಶ್ರಮ ಅರ್ಧದಲ್ಲಿಯೇ ನಿಂತುಹೋಗುತ್ತದೆ.

ಜೂನ್ ತಿಂಗಳಲ್ಲಿ ಶಾಲೆಗಳ ಬಾಗಿಲು ತೆರೆದು ತಾವು ತಮ್ಮ ತರಗತಿಯ ಹೆಸರುಗಳನ್ನು ಬರೆದುಕೊಳ್ಳುವಾಗ, ಊರಿನಲ್ಲಿ ಯಾವ ಮಗುವಿನ ಹೆಸರು ಆ ಪಟ್ಟಿಯಲ್ಲಿ ಇಲ್ಲವೆಂಬುದನ್ನು ದಯಮಾಡಿ ವಿಚಾರಿಸಿರಿ. ಅದರ ಮನೆಗೆ ತಾವಾಗಿಯೇ ಹೋಗಿ ತಂದೆತಾಯಿಗಳನ್ನು ಒಪ್ಪಿಸಿ ಕರೆತನ್ನಿರಿ. ಮೊದಲನೆಯ ದಿನದಿಂದಲೇ ಅದರ ತಪ್ಪನ್ನು ತಪ್ಪೆಂದೂ ಒಪ್ಪನ್ನು ಒಪ್ಪೆಂದೂ ಹೇಳಿರಿ. ಕುಮಾರ ಸ್ವಾಮಿಗಳು ಅಂದು ಮಾಡಿದುದೂ ಇಷ್ಟನ್ನೇ. ಇದನ್ನು ಮಾಡುವ ಶಕ್ತಿ ತಮ್ಮಲ್ಲಿ ಪ್ರತಿಯೊಬ್ಬರಿಗೂ ಇದೆಯೆಂಬ ದೃಢವಾದ ನಂಬಿಕೆಯಿಂದಲೇ ಈ ಪತ್ರವನ್ನು ಬರೆದಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ದೇವಸುಗೂರಿನ ಒಬ್ಬ ಸಂಗೀತಾಭಿಮಾನಿ